ಕುದುರೆಯ ಹಾದಿ, ನಾಯಿಯ ನಡೆ

ಕಾಲೇಜಿನಲ್ಲಿ ಇಂಗ್ಲಿಷ್ ಓದಿದ ನಮ್ಮಲ್ಲಿ ಅನೇಕರಿಗೆ ಜೆರೋಮ್ ಕೆ. ಜೆರೋಮ್‌ನ ಹೆಸರು ಅಪರಿಚಿತವಲ್ಲ. ಮೂವರು ಗೆಳೆಯರು ಒಂದು ನಾಯಿಯನ್ನು ಜೊತೆಗೆ ಕಟ್ಟಿಕೊಂಡು ಥೇಮ್ಸ್ ನದಿಯಲ್ಲಿ ದೋಣಿಯ ಪ್ರವಾಸ ಮಾಡಿದ ಕಥೆಯನ್ನು ಅವನು 1889ರಲ್ಲಿ ಪ್ರಕಟಿಸಿದ. ಕಥೆಯ ಗೆಳೆಯರಿಬ್ಬರನ್ನು ಅವನು ತನ್ನ ನಿಜವಾದ ಸ್ನೇಹಿತರನ್ನು ನೋಡಿಯೇ ಚಿತ್ರಿಸಿದ್ದ. ಆದರೆ ಮಾಂಟ್‌ಮೊರೆನ್ಸಿ ಎಂಬ ನಾಯಿ ಮಾತ್ರ ಬರಿಯ ಕಲ್ಪನೆ. ವಿಚಿತ್ರವೆಂದರೆ, ಪುಸ್ತಕವನ್ನು ಮುಚ್ಚಿಟ್ಟು ಎಷ್ಟೋ ವರ್ಷಗಳಾದ ಮೇಲೂ ಮನಸ್ಸಿನಲ್ಲಿ ಉಳಿಯುವುದು ಆ ಇಲ್ಲದ ನಾಯಿಯೇ!

ನಾನು ಇಲ್ಲಿ ಹೇಳಹೊರಟಿರುವ ನಾಯಿಯ ಹೆಸರು ಬೆನ್. ಬೂದು ಬಣ್ಣ, ಉದ್ದ ಕಾಲು, ಜಾತಿ ಗೊತ್ತು ಹಚ್ಚಲಾಗದ ಮುಖ, ವಯಸ್ಸು ಹದಿಮೂರು. ಅದರ ಯಜಮಾನರು ನನ್ನ ಹಳೆಯ ಸ್ನೇಹಿತರು, ಶಾಲೆಯ ಅಧ್ಯಾಪಕರಾಗಿದ್ದು ನಿವೃತ್ತರಾದವರು. 2023ರ ಬೇಸಿಗೆಯಲ್ಲಿ ಅವರು ನನ್ನನ್ನು ತಮ್ಮ ದೋಣಿಗೆ ಕರೆದರು. ‘ನನಗೆ ಎಪ್ಪತ್ತಾರಾಯಿತು. ಲಾಕ್‌ಗಳನ್ನು ತೆರೆಯಲು ಒಬ್ಬರು ಬೇಕು. ಸುರಂಗ ಬಂದಾಗ ಬೆನ್ನನ್ನು ಗುಡ್ಡದ ಮೇಲೆ ನಡೆಸಿಕೊಂಡು ಬರಲು ಒಬ್ಬರು ಬೇಕು. ಮೊದಲು ಈ ಎರಡನ್ನೂ ನನ್ನ ಹೆಂಡತಿ ಮಾಡುತ್ತಿದ್ದಳು’ ಎಂದು ಬರೆದಿದ್ದರು. ಆಕೆ ತೀರಿಕೊಂಡು ಎರಡು ವರ್ಷಗಳಾಗಿದ್ದವು.

ನಮ್ಮ ಕಡೆಯವರಿಗೆ ಕಾಲುವೆಯೆಂದರೆ ಹೊಲಕ್ಕೆ ನೀರುಣಿಸುವ ನಾಲೆ. ಅದರಲ್ಲಿ ನೀರು ಎಲ್ಲಿಗೋ ಹೋಗುತ್ತಿರುತ್ತದೆ, ಹೋದಲ್ಲಿ ಹಸುರಾಗುತ್ತದೆ. ಇಂಗ್ಲೆಂಡಿನ ಕಾಲುವೆಯಲ್ಲಿ ನೀರು ಹರಿದಂತೆ ಕಾಣುವುದೇ ಇಲ್ಲ. ಸುಮ್ಮನೆ ನಿಂತು, ತನ್ನ ಮೇಲೆ ಬಂದುದನ್ನು ಹೊರುತ್ತದೆ. ಅದು ನೀರಿನಿಂದ ಮಾಡಿದ ರಸ್ತೆ. ಆ ರಸ್ತೆಯ ಅಳತೆಗೆ ತಕ್ಕಂತೆ ಮಾಡಿದ ದೋಣಿಯೇ ನ್ಯಾರೋಬೋಟ್: ಅಗಲ ಏಳು ಅಡಿಗಿಂತ ತುಸು ಕಡಮೆ, ಉದ್ದ ಎಪ್ಪತ್ತು ಅಡಿಯವರೆಗೂ ಇರಬಹುದು. ನಮ್ಮದು ಐವತ್ತು ಅಡಿಯದು. ಗಂಟೆಗೆ ನಾಲ್ಕು ಮೈಲಿಗಿಂತ ವೇಗವಾಗಿ ಹೋಗಬಾರದೆಂದು ನಿಯಮವಿದೆ. ನಿಜ ಹೇಳಬೇಕೆಂದರೆ ಮೂರನ್ನು ಮುಟ್ಟಿದರೆ ಅದೇ ಹೆಚ್ಚು.

ಈ ನಿಧಾನವು ವಿಶ್ರಾಂತಿಗಾಗಿ ಹುಟ್ಟಿದುದಲ್ಲ. ಬ್ರಿಜ್‌ವಾಟರ್‌ನ ಡ್ಯೂಕನಿಗೆ ವರ್ಸ್ಲಿಯಲ್ಲಿ ಕಲ್ಲಿದ್ದಲಿನ ಗಣಿಗಳಿದ್ದವು, ಕೊಳ್ಳುವವರಿದ್ದುದು ಮ್ಯಾಂಚೆಸ್ಟರಿನಲ್ಲಿ. 1761ರಲ್ಲಿ ಅವನ ಕಾಲುವೆ ತೆರೆದ ಮೇಲೆ ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತು. ಅದರ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಮೊದಲು ಗಿರಣಿಯ ಯಂತ್ರಗಳನ್ನು ಕಟ್ಟುವ ಕಸುಬಿನವನು. ಬರವಣಿಗೆ ಅವನಿಗೆ ಅಷ್ಟಕ್ಕಷ್ಟೆ. ಕಠಿನ ಸಮಸ್ಯೆ ಎದುರಾದರೆ ಹಾಸಿಗೆಯಲ್ಲಿ ಮಲಗಿ, ಬಗೆಹರಿಯುವ ತನಕ ಏಳುತ್ತಿರಲಿಲ್ಲವಂತೆ. ಅನಂತರ ಜೊಸಾಯ ವೆಜ್‌ವುಡ್ ಬಂದ. ಕುದುರೆಯ ಬೆನ್ನಿನ ಮೇಲೆ ಕೆಟ್ಟ ರಸ್ತೆಯಲ್ಲಿ ಹೋಗುವಾಗ ಅವನ ಪಿಂಗಾಣಿ ಪಾತ್ರೆಗಳು ಒಡೆಯುತ್ತಿದ್ದವು. ನೀರಿನ ಮೇಲೆ ಒಡೆಯವು. ಹೀಗೆ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಕೂಡಿಸುವ ಕಾಲುವೆ 1777ರಲ್ಲಿ ಮುಗಿಯಿತು. ಖರ್ಚನ್ನೂ ನೀರನ್ನೂ ಉಳಿಸಲೆಂದು ಬ್ರಿಂಡ್ಲಿ ಲಾಕ್‌ಗಳ ಅಗಲವನ್ನು ಏಳು ಅಡಿಗೆ ಇಳಿಸಿದ. ಇಂದಿಗೂ ಈ ದೋಣಿಗಳ ಅಗಲ ಅವನು ಹಾಕಿದ ಅಳತೆಯೇ. ಕಾಲುವೆ ಪೂರ್ತಿಯಾದುದನ್ನು ನೋಡಲು ಅವನಿರಲಿಲ್ಲ, 1772ರಲ್ಲೇ ತೀರಿಕೊಂಡಿದ್ದ.

ರಸ್ತೆಯ ಮೇಲೆ ಒಂದೆರಡು ಟನ್ನು ಎಳೆಯುವ ಕುದುರೆ ನೀರಿನ ಮೇಲೆ ಇಪ್ಪತ್ತೈದು ಟನ್ನಿನ ದೋಣಿಯನ್ನು ಎಳೆಯಬಲ್ಲದು. ಇಡೀ ವ್ಯವಸ್ಥೆ ನಿಂತುದು ಈ ಒಂದು ಲೆಕ್ಕದ ಮೇಲೆ. ಆದುದರಿಂದಲೇ ಕಾಲುವೆಯ ಉದ್ದಕ್ಕೂ ದಡದಲ್ಲಿ ಕುದುರೆಗೆಂದು ಒಂದು ಹಾದಿ. ಕುದುರೆಗಳು ಹೋದುವು, ಹಾದಿ ಉಳಿಯಿತು.

ನಾವು ಜೂನ್ ತಿಂಗಳ ಒಂದು ಬೆಳಿಗ್ಗೆ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ಸ್ಟೋಕ್ ಬ್ರೂಯರ್ನ್ ಎಂಬ ಹಳ್ಳಿಯ ಕೆಳಗಿನಿಂದ ಹೊರಟೆವು. ಹೊರಟೊಡನೆಯೇ ಏಳು ಲಾಕ್‌ಗಳು. ಲಾಕ್ ಎಂದರೆ ನೀರಿನ ಮೆಟ್ಟಿಲು. ಎರಡು ತುದಿಗಳಲ್ಲೂ ಮರದ ಭಾರಿ ಕದಗಳುಳ್ಳ ಒಂದು ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಕೆಳಗಿನ ಕದವನ್ನು ಮುಚ್ಚಿ, ಕಬ್ಬಿಣದ ಹಿಡಿಯಿಂದ ಮೇಲಿನ ತೂಬನ್ನು ತಿರುಗಿಸಿ ಎತ್ತಿದರೆ ನೀರು ನುಗ್ಗಿ ತುಂಬುತ್ತದೆ, ದೋಣಿ ಏಳುತ್ತದೆ. ಒಳಗಿನ ನೀರೂ ಹೊರಗಿನ ನೀರೂ ಸಮವಾಗುವವರೆಗೆ ಕದವು ಯಾರ ಬಲಕ್ಕೂ ಜಗ್ಗುವುದಿಲ್ಲ. ಸಮವಾಯಿತೋ, ತೊಲೆಗೆ ಬೆನ್ನು ಕೊಟ್ಟು ನಿಂತರೆ ಮುದುಕನೂ ತೆರೆಯಬಹುದು. ಅವಸರದ ಸ್ವಭಾವದವನಾದ ನನಗೆ ಆ ಕದ ಕಲಿಸಿದ ಪಾಠವನ್ನು ಯಾವ ಗುರುವೂ ಕಲಿಸಿರಲಿಲ್ಲ.

ಬೆನ್ ದೋಣಿಯಲ್ಲಿ ಕುಳಿತು ಬರುತ್ತಿರಲಿಲ್ಲ. ದಡಕ್ಕೆ ಇಳಿದು, ಕುದುರೆಯ ಹಾದಿಯಲ್ಲಿ ದೋಣಿಯ ಮೂತಿಗೆ ಸಮನಾಗಿ ನಡೆಯುತ್ತಿದ್ದಿತು. ಓಡುತ್ತಿರಲಿಲ್ಲ, ಹಿಂದೆ ಬೀಳುತ್ತಲೂ ಇರಲಿಲ್ಲ. ಹಳೆಯ ಸೇತುವೆಗಳ ಅಡಿಯಲ್ಲಿ, ಮೂಲೆಯ ಕಲ್ಲು ಕಬ್ಬಿಣಗಳಲ್ಲಿ ಬೆರಳು ಹೋಗುವಷ್ಟು ಆಳದ ಗೀರುಗಳಿವೆ. ವರ್ಷಾನುಗಟ್ಟಲೆ ಒದ್ದೆ ಹಗ್ಗ ಉಜ್ಜಿ ಉಜ್ಜಿ ಆದ ಗೀರುಗಳು. ಬಾವಿಯ ಕಟ್ಟೆಯ ಮೇಲೆ ಸೇದುವ ಹಗ್ಗ ಮಾಡಿದ ಗುರುತನ್ನು ಬಲ್ಲ ನಮಗೆ ಅವನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಅಲ್ಲಿ ಬೆನ್ ಮೂಸಿ ನಿಂತಾಗಲೇ ನನಗೆ ಹೊಳೆದುದು: ಈ ಎಂಜಿನ್ನು, ಈ ಉಕ್ಕಿನ ದೋಣಿ, ಎಲ್ಲವೂ ಇಂದಿಗೂ ಇಲ್ಲದ ಒಂದು ಕುದುರೆಯ ಹೆಜ್ಜೆಯ ಲೆಕ್ಕದಲ್ಲೇ ಸಾಗುತ್ತಿವೆ. ಆ ಹೆಜ್ಜೆ ಯಾವುದೆಂದು ನಮಗೆ ಮರೆತಿದೆ, ನಾಯಿಗೆ ಗೊತ್ತಿದೆ.

ಸ್ಟೋಕ್ ಬ್ರೂಯರ್ನ್ ದಾಟುತ್ತಲೇ ಬ್ಲಿಸ್ವರ್ತ್ ಸುರಂಗ. 1805ರಲ್ಲಿ ತೆರೆದ ಈ ಸುರಂಗದ ಉದ್ದ ಒಂದೂಮುಕ್ಕಾಲು ಮೈಲಿ. ಒಳಗೆ ಕುದುರೆಯ ಹಾದಿಯಿಲ್ಲ. ಹಿಂದಿನ ಕಾಲದಲ್ಲಿ ಗಂಡಸರು ದೋಣಿಯ ಮುಂಭಾಗದಲ್ಲಿ ಅಡ್ಡಹಲಗೆಯ ಮೇಲೆ ಅಂಗಾತ ಮಲಗಿ, ಸುರಂಗದ ಗೋಡೆಯನ್ನು ಕಾಲುಗಳಿಂದ ಒದೆಯುತ್ತ ಕತ್ತಲೆಯಲ್ಲಿ ದೋಣಿಯನ್ನು ನಡೆಸುತ್ತಿದ್ದರು. ಅಷ್ಟು ಹೊತ್ತಿಗೆ ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿನಿಂದ ಆಚೆಯ ಬದಿಗೆ ಸಾಗಿಸಬೇಕು. ಆ ಕೆಲಸ ಸಾಮಾನ್ಯವಾಗಿ ಮನೆಯ ಮಕ್ಕಳ ಪಾಲಿಗೆ ಬರುತ್ತಿತ್ತು.

ಎಂಜಿನ್ನಿನ ಸದ್ದು ಸುರಂಗದಲ್ಲಿ ಮೊಳಗಿದರೆ ಬೆನ್‌ಗೆ ಮೈ ನಡುಕ. ಆದುದರಿಂದ ನಾನೂ ಅದೂ ಗುಡ್ಡ ಹತ್ತಿದೆವು. ದಾರಿಯಲ್ಲಿ ಹೊಲಗಳ ನಡುವೆ ಇಟ್ಟಿಗೆಯ ದುಂಡನೆಯ ಗೋಪುರಗಳು. ಕೆಳಗಿನ ಸುರಂಗಕ್ಕೆ ಗಾಳಿ ಬಿಡುವ ಕೊಳವೆಗಳ ಬಾಯಿ ಅವು. ಆಚೆಯ ಮುಖಕ್ಕೆ ಇಳಿದಾಗ ದೋಣಿ ಆಗಲೇ ಬಂದಿರಬೇಕಾಗಿತ್ತು. ಬಂದಿರಲಿಲ್ಲ. ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಕತ್ತಲೆಯ ಬಾಯಿಂದ ತಣ್ಣನೆಯ ಗಾಳಿಯೊಂದೇ ಬರುತ್ತಿತ್ತು. ಎಪ್ಪತ್ತಾರು ವರ್ಷದ ಮನುಷ್ಯ, ಒಬ್ಬರೇ. ಬೆನ್ ನೀರಿನ ಅಂಚಿನಲ್ಲಿ ಕುಳಿತು, ಕಿವಿ ನಿಮಿರಿಸಿ, ಆ ಕಪ್ಪನ್ನೇ ನೋಡುತ್ತಿತ್ತು. ನನ್ನ ಕಡೆಗೆ ಒಮ್ಮೆಯಾದರೂ ತಿರುಗಲಿಲ್ಲ.

ಕೊನೆಗೆ ಸಾಸಿವೆಯಷ್ಟು ಬೆಳಕು ಕಂಡಿತು. ಪಂಕಕ್ಕೆ ಹಳೆಯ ಹಗ್ಗವೊಂದು ಸುತ್ತಿಕೊಂಡು, ಎಂಜಿನ್ ನಿಲ್ಲಿಸಿ, ಕತ್ತಲೆಯಲ್ಲಿ ಕೈಯಿಳಿಸಿ ಅದನ್ನು ಕೊಯ್ದು ತೆಗೆದರಂತೆ. ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡಿತ್ತು. ‘ಕಾಯಿಸಿದೆನೆ?’ ಎಂದರು. ನನಗೆ ಉತ್ತರ ಹೊರಡಲಿಲ್ಲ. ನೂರೈವತ್ತು ವರ್ಷಗಳ ಹಿಂದೆ ಇದೇ ಕಲ್ಲಿನ ಬಳಿ ಕುದುರೆಯ ಹಗ್ಗ ಹಿಡಿದು, ತಂದೆ ಹೊರಗೆ ಬರುವುದನ್ನು ಕಾಯುತ್ತಿದ್ದ ಎಂಟು ವರ್ಷದ ಹುಡುಗಿಯ ಎದೆ ಹೇಗೆ ಬಡಿದುಕೊಂಡಿರಬೇಕು! ಅವಳ ಕಾಯುವಿಕೆಗೆ ಪುಸ್ತಕಗಳಲ್ಲಿ ಒಂದು ಸಾಲಿನ ಎಡೆಯೂ ಇಲ್ಲ.

ಆ ದಿನದಿಂದ ಕಾಲುವೆಯ ಚೆಲುವನ್ನು ನೋಡುವಾಗಲೆಲ್ಲ ಅವಳ ನೆನಪು ಬಾರದೆ ಇರಲಿಲ್ಲ. ರೈಲುಗಳು ಬಂದು ಕಾಲುವೆಯ ಸಾಗಣೆಯ ದರ ಕುಸಿದಾಗ, ದಡದ ಮನೆಯ ಬಾಡಿಗೆ ತೆರಲಾರದ ದೋಣಿಗಾರರು ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು. ಸರಕಿಗೆ ಎಡೆ ಬಿಟ್ಟು ಉಳಿದುದು ಸುಮಾರು ಹತ್ತಡಿ ಉದ್ದದ, ಏಳಡಿ ಅಗಲದ ಒಂದು ಕೋಣೆ. ಒಲೆ, ಹಾಸಿಗೆ, ಹೆರಿಗೆ, ಸಾವು ಎಲ್ಲಕ್ಕೂ ಅದೇ ಎಡೆ. ಬಾಗಿಲ ಮೇಲೆ ಗುಲಾಬಿ ಹೂಗಳನ್ನೂ ಕೋಟೆಗಳನ್ನೂ ಬಣ್ಣಬಣ್ಣವಾಗಿ ಬರೆಸಿಕೊಂಡರು. ನಿಂತಲ್ಲಿ ನಿಲ್ಲದ ಬಾಳಾದುದರಿಂದ ಮಕ್ಕಳಿಗೆ ಶಾಲೆಯಿಲ್ಲ. ಜಾರ್ಜ್ ಸ್ಮಿತ್ ಎಂಬ ಸುಧಾರಕನ ಹೋರಾಟದಿಂದ 1877ರಲ್ಲೂ 1884ರಲ್ಲೂ ಕಾನೂನುಗಳಾದುವು. ಆದರೂ ಇಪ್ಪತ್ತನೆಯ ಶತಮಾನದಲ್ಲಿಯೂ ದೋಣಿಗಾರರಲ್ಲಿ ಅನೇಕರು ಅಕ್ಷರ ಕಾಣದವರೇ. ಸ್ಟೋಕ್ ಬ್ರೂಯರ್ನ್‌ನ ಲಾಕ್‌ನ ಬಳಿ ಸಿಸ್ಟರ್ ಮೇರಿ ವಾರ್ಡ್ ಎಂಬ ದಾದಿಯೊಬ್ಬರು ತಮ್ಮ ಮನೆಯನ್ನೇ ಚಿಕಿತ್ಸಾಲಯ ಮಾಡಿಕೊಂಡು ಈ ಜನರಿಗೆ ದಶಕಗಳ ಕಾಲ ಶುಶ್ರೂಷೆ ಮಾಡಿದರು. 1951ರಲ್ಲಿ ಅವರಿಗೆ ಸರ್ಕಾರದ ಪದಕ ಸಂದಿತು.

1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದವು. ದೋಣಿಗಳು ಇದ್ದಲ್ಲೇ ಸಿಕ್ಕಿಬಿದ್ದವು. ಸರಕು ಲಾರಿಗೆ ಹೋಯಿತು, ಹೋದುದು ಬಹುಮಟ್ಟಿಗೆ ಹಿಂದಿರುಗಲಿಲ್ಲ. ನಮ್ಮ ದಾರಿಯಲ್ಲಿ ಸಿಕ್ಕಿದ ಅಥರ್‌ಸ್ಟನ್ ಊರಿನಿಂದ ಲಂಡನ್ನಿನ ಬಳಿಯ ಒಂದು ಜಾಮ್ ಕಾರ್ಖಾನೆಗೆ ಕಲ್ಲಿದ್ದಲು ಒಯ್ಯುತ್ತಿದ್ದ ದೋಣಿಗಳೂ 1970ರಲ್ಲಿ ನಿಂತವು.

ಹಾಗಾದರೆ ಕಾಲುವೆಗಳು ಹೂಳು ತುಂಬಿ ಹೋಗಬೇಕಾಗಿತ್ತು, ಹೋಗಲಿಲ್ಲ. ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರ್ 1939ರಲ್ಲಿ ತನ್ನ ಮಡದಿಯೊಡನೆ ‘ಕ್ರೆಸ್ಸಿ’ ಎಂಬ ದೋಣಿಯಲ್ಲಿ ಹೊರಟು, ಕಂಡುದನ್ನು ಬರೆದ ಪುಸ್ತಕ 1944ರಲ್ಲಿ ಹೊರಬಂತು. ಅದನ್ನು ಓದಿದ ರಾಬರ್ಟ್ ಐಕ್‌ಮನ್ ಅವನನ್ನು ಹುಡುಕಿಕೊಂಡು ಬಂದ. 1946ರಲ್ಲಿ ಜಲಮಾರ್ಗಗಳ ರಕ್ಷಣೆಗೆ ಒಂದು ಸಂಘ ಹುಟ್ಟಿತು. ಒಂದು ಪುಸ್ತಕ ಒಂದು ದೇಶದ ನೀರನ್ನು ಉಳಿಸಲು ನೆರವಾದ ನಿದರ್ಶನ ಇದು. ಈಗ ಸುಮಾರು ಎರಡು ಸಾವಿರ ಮೈಲಿಗಳ ಜಲಮಾರ್ಗವನ್ನು 2012ರಿಂದ ಒಂದು ಧರ್ಮಸಂಸ್ಥೆ ನೋಡಿಕೊಳ್ಳುತ್ತಿದೆ.

ಒಂದು ಸಂಜೆ ನಾನು ನನ್ನ ಸ್ನೇಹಿತರನ್ನು ಕೇಳಿದೆ: ‘ನೀರು ಉಳಿಯಿತು, ಜನ ಉಳಿಯಲಿಲ್ಲ. ಅವರ ಕಷ್ಟದ ಹಾದಿಯಲ್ಲಿ ನಾವು ಸುಖಕ್ಕಾಗಿ ತಿರುಗುವುದು ಸರಿಯೆ?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ನಾವು ತಿರುಗದಿದ್ದರೆ ಆ ಹಗ್ಗದ ಗೀರುಗಳನ್ನು ನೋಡುವವರಾದರೂ ಯಾರು?’ ಇದು ಪೂರ್ಣವಾದ ಉತ್ತರವಲ್ಲ. ಅವರಿಗೂ ಅದು ಗೊತ್ತಿತ್ತು.

ಎಂಟು ವಾರಗಳಲ್ಲಿ ನಾವು ಸಾಗಿದ ದೂರ ನೂರು ಮೈಲಿಗೆ ತುಸು ಮೇಲೆ. ಕಾರಿನಲ್ಲಾದರೆ ಮೂರು ಗಂಟೆಯೂ ಬೇಡ. ಬ್ರಾನ್‌ಸ್ಟನ್, ಹಾಕ್ಸ್‌ಬರಿ, ಫ್ರಾಡ್ಲಿಗಳನ್ನು ದಾಟಿ, ವೆಜ್‌ವುಡ್‌ನ ಪಿಂಗಾಣಿಯ ಸೀಮೆಯಾದ ಸ್ಟೋಕ್ ಪಟ್ಟಣಕ್ಕೆ ಬಂದಾಗ ಆಗಸ್ಟ್ ಮುಗಿಯುತ್ತಿತ್ತು. ಮುಂದೆ ಹೇರ್‌ಕಾಸಲ್ ಗುಡ್ಡ. ಅಲ್ಲಿ ಎರಡು ಸುರಂಗಗಳು ಅಕ್ಕಪಕ್ಕದಲ್ಲಿವೆ. ಬ್ರಿಂಡ್ಲಿಯದು ಕುಸಿದು ಮುಚ್ಚಿಹೋಗಿದೆ; ಟೆಲ್‌ಫರ್ಡ್ 1827ರಲ್ಲಿ ಮುಗಿಸಿದುದು ಬಳಕೆಯಲ್ಲಿದೆ. ಗುಡ್ಡದ ಕಬ್ಬಿಣದ ಅದಿರಿನಿಂದಾಗಿ ಅಲ್ಲಿಯ ನೀರು ಇಟ್ಟಿಗೆಯಂತೆ ಕೆಂಪು.

ನಾನು ಬೆನ್‌ನ ಹಗ್ಗವನ್ನು ಕೈಗೆ ತೆಗೆದುಕೊಂಡೆ. ಸ್ನೇಹಿತರು ತಡೆದರು. ‘ಈ ಗುಡ್ಡವನ್ನು ನಾನು ಇಪ್ಪತ್ತು ಸಲ ಅಡಿಯಿಂದ ದಾಟಿದ್ದೇನೆ. ಮೇಲಿನ ದಾರಿಯನ್ನು ನೋಡಿಯೇ ಇಲ್ಲ. ಅದು ಅವಳ ದಾರಿಯಾಗಿತ್ತು. ಈ ಸಲ ನೀವು ದೋಣಿ ತನ್ನಿ’ ಎಂದರು. ನನ್ನ ಉತ್ತರಕ್ಕೆ ಕಾಯದೆ ಹೊರಟೇಬಿಟ್ಟರು. ಮುದುಕರೂ ಮುದಿನಾಯಿಯೂ ಏರಿನ ದಾರಿಯಲ್ಲಿ ಮೆಲ್ಲಗೆ ಮರೆಯಾದರು.

ಅವರು ಆಚೆಗೆ ಇಳಿಯಲು ಸಾಕಾಗುವಷ್ಟು ಹೊತ್ತು ಬಿಟ್ಟು ನಾನು ಹೊರಟೆ. ಸುರಂಗದ ಕಾವಲುಗಾರರು ದೀಪವನ್ನೂ ಕೊಂಬನ್ನೂ ಪರೀಕ್ಷಿಸಿ ಒಳಗೆ ಬಿಟ್ಟರು. ಹಿಂದೆ ಬಾಗಿಲು ಮುಚ್ಚಿತು. ಗಾಳಿಯೆಳೆಯುವ ಯಂತ್ರಗಳು ಗರ್ಜಿಸಿದವು. ಆಮೇಲೆ ಎಂಜಿನ್ನಿನ ಸದ್ದು, ಒದ್ದೆ ಇಟ್ಟಿಗೆ, ದೀಪದ ಒಂದು ವೃತ್ತ ಇಷ್ಟೇ. ಮಧ್ಯದಲ್ಲಿ ಚಾವಣಿ ತಗ್ಗಾಗಿ ತಲೆ ಬಗ್ಗಿಸಬೇಕಾಯಿತು. ಕಾಯುವುದಕ್ಕಿಂತ ಇದೇ ಸುಲಭವೆಂದು ನನಗೆ ತೋರಿತು; ಒಳಗಿರುವವನಿಗೆ ಮಾಡಲು ಕೆಲಸವಾದರೂ ಇರುತ್ತದೆ.

ಸುಮಾರು ಮುಕ್ಕಾಲು ಗಂಟೆಯ ಮೇಲೆ ಹೊರಬಂದಾಗ ಬಿಸಿಲು ಕಣ್ಣು ಕುಕ್ಕಿತು. ದಡದ ಕಲ್ಲಿನ ಮೇಲೆ ಸ್ನೇಹಿತರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಪಕ್ಕದಲ್ಲಿ ಬೆನ್, ಕಿವಿ ನಿಮಿರಿಸಿಕೊಂಡು. ‘ಮೇಲೆ ಹೇಗಿತ್ತು?’ ಎಂದು ಕೇಳಿದೆ. ‘ದಾರಿ ಬೆನ್‌ಗೆ ಗೊತ್ತಿತ್ತು’ ಎಂದು ಅವರು ಹೇಳಿ, ಹಗ್ಗಕ್ಕಾಗಿ ಕೈ ಚಾಚಿದರು.