ನಿಮಗಿದು ಗೊತ್ತೆ? ಮೊದಲ ಆಲ್ಬಮ್‌ನಲ್ಲೇ ತತ್ತ್ವಪದ
ಮೈಸೂರಿನಲ್ಲಿ ಬೆಳೆದ ಗಾಯಕ ರಘು ದೀಕ್ಷಿತ್ ಭರತನಾಟ್ಯ ಕಲಿತವರು, ಸೂಕ್ಷ್ಮಜೀವಿವಿಜ್ಞಾನದಲ್ಲಿ ಚಿನ್ನದ ಪದಕ ಪಡೆದವರು. ಅವರ ಹಾಡುಗಳನ್ನು ಸಂಗೀತ ಕಂಪನಿಗಳು ವರ್ಷಗಟ್ಟಲೆ ಒಪ್ಪಲಿಲ್ಲ. ಮುಂಬೈನಲ್ಲಿ ಅವರನ್ನು ಕೇಳಿ ಮೆಚ್ಚಿದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ 2008ರಲ್ಲಿ ತಮ್ಮದೇ ಸಂಸ್ಥೆಯಿಂದ ರಘು ಅವರ ಮೊದಲ ಆಲ್ಬಮ್ ಹೊರತಂದರು. ಅದರ ‘ಮೈಸೂರ್ ಸೇ ಆಯಿ’ ಹಾಡು ಜನಪ್ರಿಯವಾಯಿತು. ತತ್ತ್ವಪದ ಹಾಡುವ ನಮ್ಮ ಭಾಗದವರಿಗೆ ಹೆಮ್ಮೆಯ ಸಂಗತಿ ಬೇರೆಯೇ ಇದೆ: ಶಿಶುನಾಳ ಶರೀಫರ ಗುಡುಗುಡಿಯ ತತ್ತ್ವಪದವೂ ಗಿಟಾರ್ ಜೊತೆ ಅದೇ ಆಲ್ಬಮ್‌ನಲ್ಲಿತ್ತು. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆಸಿದ ತತ್ತ್ವಪದಕಾರ ಮಡಿವಾಳಪ್ಪನವರ ಪದಗಳನ್ನು ಏಕತಾರಿ ಹಿಡಿದು ಹಾಡುವ, ಆಳಂದದ ಕಡೆಯೂ ಇರುವ ಭಜನಾ ಮೇಳಗಳಿಗೆ ತತ್ತ್ವಪದವೆಂದರೆ ನಿತ್ಯದ ಉಸಿರು. 2011ರಲ್ಲಿ ರಘು ಅವರ ತಂಡಕ್ಕೆ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಬಂತು.