ನೆನಪು ಬೇರೂರುವುದು ನಿದ್ದೆಯಲ್ಲಿ

1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ 27ರ ಯುವಕನ ಅಪಸ್ಮಾರ ತಡೆಯಲು ವೈದ್ಯರು ಆತನ ಮೆದುಳಿನ ಎರಡೂ ಬದಿಯಿಂದ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದರು. ರೋಗವೇನೋ ತಗ್ಗಿತು. ಆದರೆ ಬಾಲ್ಯ ನೆನಪಿದ್ದ ಆತನಿಗೆ ಆಗಷ್ಟೇ ಮಾತನಾಡಿಸಿ ಹೋದವರ ನೆನಪು ಉಳಿಯುತ್ತಿರಲಿಲ್ಲ. 2008ರಲ್ಲಿ ತೀರಿಕೊಳ್ಳುವವರೆಗೂ ಇದೇ ಪಾಡು.

ಹೊಸ ನೆನಪು ಹಿಪೊಕ್ಯಾಂಪಸ್‌ನ ನೆರವಿನಿಂದ ರೂಪುಗೊಂಡು, ಕ್ರಮೇಣ ಮೆದುಳಿನ ಹೊರಪದರದಲ್ಲಿ ನೆಲೆಯೂರುತ್ತದೆಂಬ ಸುಳಿವು ಸಿಕ್ಕಿದ್ದು ಹೀಗೆ. ಈ ನೆಲೆಯೂರುವಿಕೆಗೆ ಗಾಢ ನಿದ್ದೆ ಬೇಕು. ಹಗಲು ಕಲಿತದ್ದನ್ನು ಮೆದುಳು ಆಗ ಮತ್ತೆ ಮೆಲುಕು ಹಾಕುತ್ತದೆ. ಪುನರಾವರ್ತನೆಯೂ ಬೇಕು. ಹಿಫ್ಝ್ ಕಲಿಸುವ ಉಸ್ತಾದರು ಹಳೆಯ ಪಾಠವನ್ನು ಬಿಡದೆ ಒಪ್ಪಿಸಿಕೊಳ್ಳುವುದು ಸುಮ್ಮನಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳಿಗೆ ಚಹಾ ಕುಡಿಸಿ ಎಚ್ಚರವಿರಿಸುವ ತಾಯಂದಿರೇ (ತಂದೆಯರೂ ಇದ್ದಾರೆನ್ನಿ), ಇಶಾ ಆದ ಬಳಿಕ ಅವರನ್ನು ಮಲಗಲು ಬಿಡಿ. ಫಜ್ರ್ ನಮಾಝ್ ಮುಗಿಸಿ, ಪುಸ್ತಕ ಮುಚ್ಚಿಸಿ ಪ್ರಶ್ನೆ ಕೇಳಿ.