ರಾತ್ರಿಯಿಡೀ ಲೈಟ್ ಉರಿದರೆ ಅಕ್ವೇರಿಯಂ ಮೀನು ಯಾವಾಗ ಮಲಗಬೇಕು?

ಇವತ್ತಿನ ವಿಷಯ ಮೀನಿನ ನಿದ್ದೆ. ನಗಬೇಡಿ, ಮೊದಲು ಕೇಳಿದಾಗ ನಾನೂ ನಕ್ಕಿದ್ದೆ.

ದೆಹಲಿಯ ಮುಖರ್ಜಿ ನಗರ ನಿಮಗೆ ಗೊತ್ತಿರುತ್ತೆ. ಯುಪಿಎಸ್‌ಸಿ ಕೋಚಿಂಗ್‌ಗೆ ದೇಶದ ಮೂಲೆಮೂಲೆಯಿಂದ ಹುಡುಗರು ಬಂದು ಸೇರುವ ಬಡಾವಣೆ. ಬತ್ರಾ ಸಿನಿಮಾದಿಂದ ಸ್ವಲ್ಪ ದೂರದ ಒಂದು ಗಲ್ಲಿಯಲ್ಲಿ ನಾನು, ಕಲಬುರಗಿ ಕಡೆಯ ಒಬ್ಬ ಗೆಳೆಯ ಒಂದೇ ರೂಮಿನಲ್ಲಿದ್ವಿ. ಕಿಟಕಿ ತೆಗೆದರೆ ಕೈಗೆ ಎಟಕುವಷ್ಟು ಹತ್ತಿರ ಎದುರುಮನೆ ಗೋಡೆ. ಹಗಲಾದರೂ ಟ್ಯೂಬ್‌ಲೈಟ್, ರಾತ್ರಿಯಾದರೂ ಟ್ಯೂಬ್‌ಲೈಟ್. ಬೇಜಾರು ಕಳೆಯೋಕೆ ಅಂತ ಗೆಳೆಯ ಎರಡು ಅಡಿ ಉದ್ದದ ಟ್ಯಾಂಕ್ ತಂದ. ಅದರಲ್ಲಿ ಎಂಟು ಜೀಬ್ರಾ ಮೀನು, ಗಾಜು ನೆಕ್ಕುತ್ತಾ ಇರುತ್ತಲ್ಲ, ಆ ಒಂದು ಸಕ್ಕರ್ ಮೀನು.

ಅವನು ಓದ್ತಾ ಇದ್ದಿದ್ದು ರಾತ್ರಿ ಮೂರರವರೆಗೆ. ನಾನು ಏಳ್ತಾ ಇದ್ದಿದ್ದು ಐದಕ್ಕೆ. ಲೆಕ್ಕ ಹಾಕಿ, ಮೀನಿಗೆ ಸಿಕ್ಕ ಕತ್ತಲೆ ದಿನಕ್ಕೆ ಎರಡೇ ಗಂಟೆ!

ಎರಡು ತಿಂಗಳಲ್ಲಿ ಗಾಜಿನ ಮೇಲೆಲ್ಲ ಹಸಿರು ಪಾಚಿ. ಮೀನುಗಳು ಫಿಲ್ಟರ್ ಹಿಂದೆ ಗುಂಪಾಗಿ ಅಡಗಿಕೊಳ್ಳೋವು, ರೆಕ್ಕೆ ಮುದುರಿಕೊಂಡಿರೋವು, ಹಾಕಿದ ಕಾಳು ತಳ ಸೇರೋದು. ಎರಡು ಸತ್ತೂ ಹೋದವು. ಅವನ್ನು ಬೆಳಕೇ ಕೊಂದಿತು ಅಂತ ನಾನು ಹೇಳೋದಿಲ್ಲ. ಪರೀಕ್ಷೆ ಗಡಿಬಿಡಿಯಲ್ಲಿ ನೀರು ಬದಲಿಸೋದನ್ನೂ ಮರೆತಿದ್ವಿ, ಟ್ಯಾಂಕಿನ ಸಾವುಗಳಲ್ಲಿ ಹೆಚ್ಚಿನವು ಕೆಟ್ಟ ನೀರಿನಿಂದಲೇ ಆಗೋದು. ಆದರೆ ನಮ್ಮ ಗಮನ ಬೆಳಕಿನ ಕಡೆ ತಿರುಗಿದ್ದು ಆಗಲೇ.

ಮೀನಿಗೆ ನಮ್ಮ ಥರ ರೆಪ್ಪೆ ಇಲ್ಲ. ಹಾಗಾಗಿ ಅದು ಮಲಗಿದ್ದು ನಮಗೆ ಗೊತ್ತೇ ಆಗಲ್ಲ. ಜೀಬ್ರಾ ಮೀನು ನಿದ್ದೆ ಮಾಡುವಾಗ ಅಲುಗಾಡದೆ ತೇಲುತ್ತೆ, ಇಲ್ಲಾ ತಳದ ಹತ್ತಿರ ಇಳಿದು ನಿಲ್ಲುತ್ತೆ, ಬಾಲ ಸ್ವಲ್ಪ ಜೋತುಬಿದ್ದಿರುತ್ತೆ. ಮೆಲ್ಲಗೆ ಗಾಜು ತಟ್ಟಿದರೆ ತಕ್ಷಣ ಎಚ್ಚರ ಆಗಲ್ಲ. ನಿಯಾನ್ ಟೆಟ್ರಾ ಸಾಕಿದವರು ಇನ್ನೊಂದು ಗಮನಿಸಿರ್ತೀರಿ: ಕತ್ತಲೆಯಲ್ಲಿ ಅದರ ನೀಲಿ ಪಟ್ಟಿ ಮಂಕಾಗಿ, ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಮತ್ತೆ ಹೊಳಪು ಬರುತ್ತೆ. ಅದು ಕಾಯಿಲೆ ಅಲ್ಲ, ಗಾಬರಿ ಬೇಡ.

ಈ ಜೀಬ್ರಾ ಮೀನು ನಮ್ಮ ಗಂಗಾ ಬಯಲಿನದೇ. 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಪುಸ್ತಕ ಬರೆದು ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಹೌದು, ಟಿಪ್ಪು ತೀರಿಕೊಂಡ ಮರುವರ್ಷ ಮೈಸೂರು, ಕೆನರಾ ಸುತ್ತಿ ಊರೂರಿನ ವಿವರ ದಾಖಲಿಸಿದ ಅದೇ ಬುಕಾನನ್. ಇವತ್ತು ಪ್ರಪಂಚದ ಎಷ್ಟೋ ಲ್ಯಾಬ್‌ಗಳಲ್ಲಿ ಈ ಮೀನಿದೆ. ಅಲ್ಲಿ ಅದಕ್ಕೆ ಸಾಮಾನ್ಯವಾಗಿ ಕೊಡೋದು 14 ಗಂಟೆ ಬೆಳಕು, 10 ಗಂಟೆ ಪೂರ್ತಿ ಕತ್ತಲೆ.

ಕತ್ತಲೆ ಯಾಕಷ್ಟು ಮುಖ್ಯ? ಮೀನಿನ ನೆತ್ತಿಯ ಕೆಳಗೆ ಪೀನಿಯಲ್ ಅನ್ನೋ ಗ್ರಂಥಿ ಇದೆ. ನಮಗೂ ಇದೆ, ಆದರೆ ನಮ್ಮದಕ್ಕೆ ಹಗಲು-ರಾತ್ರಿಯ ಸುದ್ದಿ ಕಣ್ಣಿನಿಂದ ಹೋಗಬೇಕು. ಮೀನಿನದು ತಾನೇ ನೇರವಾಗಿ ಬೆಳಕನ್ನು ಗ್ರಹಿಸುತ್ತೆ. ಕತ್ತಲಾದರೆ ಮೆಲಟೋನಿನ್ ಸುರಿಸುತ್ತೆ, ಬೆಳಕು ಬಿದ್ದರೆ ನಿಲ್ಲಿಸುತ್ತೆ. ಅಷ್ಟೇ ಅಲ್ಲ, 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜೀಬ್ರಾ ಮೀನಿನ ಹೃದಯ, ಮೂತ್ರಪಿಂಡಗಳನ್ನು ಹೊರತೆಗೆದು ಗಾಜಿನ ತಟ್ಟೆಯಲ್ಲಿಟ್ಟಾಗ ಅವೂ ಬೆಳಕು ನೋಡಿ ತಮ್ಮ ಗಡಿಯಾರ ಹೊಂದಿಸಿಕೊಂಡವು. ಅಂದ್ರೆ ಮೀನಿನ ಮೈಯೆಲ್ಲ ಗಡಿಯಾರ. ನಮ್ಮ ರೂಮಿನ ಟ್ಯೂಬ್‌ಲೈಟ್ ಕೆಡಿಸ್ತಾ ಇದ್ದಿದ್ದು ಅದನ್ನೇ.

2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಜೀಬ್ರಾ ಮೀನನ್ನು ನಿರಂತರ ಬೆಳಕಿನಲ್ಲಿಟ್ಟು ನೋಡಿದರು. ನಿದ್ದೆ ಹೆಚ್ಚುಕಮ್ಮಿ ನಿಂತೇಹೋಯಿತು, ದಿನಗಳು ಕಳೆದ ಮೇಲೆ ಸ್ವಲ್ಪಸ್ವಲ್ಪವೇ ಮರಳಿತು. ಜರ್ಮನಿಯಲ್ಲಿ ಪರ್ಚ್ ಅನ್ನೋ ಮೀನಿನ ಮೇಲೆ ನಡೆದ ಅಧ್ಯಯನದಲ್ಲಿ ರಾತ್ರಿ ಬರೀ 1 ಲಕ್ಸ್ ಬೆಳಕಿದ್ದರೂ ಮೆಲಟೋನಿನ್ ಕುಸಿಯಿತು. ಹುಣ್ಣಿಮೆ ಬೆಳದಿಂಗಳು ಅದಕ್ಕಿಂತ ಕಡಿಮೆ, ಓದುವ ಮೇಜಿನ ಬೆಳಕು ಅದರ ನೂರಾರು ಪಟ್ಟು. ಆ ಮೀನುಗಳಲ್ಲಿ ಒತ್ತಡದ ಹಾರ್ಮೋನ್ ಏರಲಿಲ್ಲ, ಅದನ್ನೂ ಹೇಳಿಬಿಡಬೇಕು. ಆದರೆ 2019ರ ಕ್ಲೌನ್ ಮೀನಿನ ಕಥೆ ಕೇಳಿ. ರಾತ್ರಿಯೂ ಕೃತಕ ಬೆಳಕಿನಲ್ಲಿದ್ದ ಜೋಡಿಗಳು ಮೊಟ್ಟೆಯೇನೋ ಇಟ್ಟವು, ಒಂದೂ ಒಡೆದು ಮರಿ ಹೊರಬರಲಿಲ್ಲ. ಕತ್ತಲಾಗೋದೇ ಅವಕ್ಕೆ ಹೊರಬರುವ ಸೂಚನೆ.

ಹಾಗಾದ್ರೆ ಅಂಗಡಿಯಲ್ಲಿ 'ಮೂನ್‌ಲೈಟ್' ಅಂತ ಮಾರುವ ನೀಲಿ ಎಲ್‌ಇಡಿ? ಅದು ಮೀನಿಗಲ್ಲ, ನಮ್ಮ ಕಣ್ಣಿಗೆ. ಸಂಜೆ ಅರ್ಧ ಗಂಟೆ ಹಾಕಿ ನೋಡಿ ಖುಷಿಪಡಿ, ಆಮೇಲೆ ಆರಿಸಿ.

ನಾವು ಮಾಡಿದ್ದು ಇಷ್ಟು. ಟ್ಯಾಂಕಿನ ಹಿಂಭಾಗ, ಎರಡೂ ಪಕ್ಕಕ್ಕೆ ಕಪ್ಪು ಚಾರ್ಟ್ ಪೇಪರ್ ಅಂಟಿಸಿದ್ವಿ. ರಾತ್ರಿ ಒಂಬತ್ತಕ್ಕೆ ಮುಂದಿನ ಗಾಜಿಗೂ ಮುಚ್ಚಳಕ್ಕೂ ದಪ್ಪ ಟವೆಲ್. ಗಾಳಿಯಾಡೋಕೆ ಹಿಂದುಗಡೆ ಸಂದಿ ಬಿಡಬೇಕು, ಏರ್ ಪಂಪ್ ಆರಿಸಬಾರದು. ಕತ್ತಲೆಯಲ್ಲಿ ಗಿಡಗಳೂ ಆಮ್ಲಜನಕ ಬಳಸುತ್ತವೆ. ಬೆಳಿಗ್ಗೆ ಒಂಬತ್ತಕ್ಕೆ ಟವೆಲ್ ತೆಗೆಯೋದು. ಟ್ಯಾಂಕಿನ ಲೈಟ್ ಮಾತ್ರ ಮಧ್ಯಾಹ್ನ ಒಂದರಿಂದ ರಾತ್ರಿ ಒಂಬತ್ತು. ಈಗ ಗೆಳೆಯ ಮೂರರ ತನಕ ಓದಲಿ, ನಾನು ಐದಕ್ಕೆ ಏಳಲಿ, ಮೀನಿಗೆ ಹನ್ನೆರಡು ಗಂಟೆ ರಾತ್ರಿ.

ದೆಹಲಿಯಲ್ಲಿ ಹಗಲು ಜೂನ್‌ನಲ್ಲಿ ಸುಮಾರು 14 ಗಂಟೆ, ಡಿಸೆಂಬರ್‌ನಲ್ಲಿ ಹತ್ತೂಕಾಲು ಗಂಟೆ ಚಿಲ್ಲರೆ. ಬೆಂಗಳೂರಿನಲ್ಲಿ ಅಷ್ಟು ವ್ಯತ್ಯಾಸ ಇಲ್ಲ, ಹನ್ನೆರಡೂಮುಕ್ಕಾಲಿಂದ ಹನ್ನೊಂದೂಕಾಲಿನ ಆಸುಪಾಸು. ಅದಕ್ಕೆ ಕಿಟಕಿ ಬೆಳಕಿನ ಲೆಕ್ಕ ನಂಬಿ ಕೂರಬೇಡಿ, ಒಂದು ಟೈಮರ್ ತಗೊಳ್ಳಿ. ತಿರುಗಿಸುವ ಮಾಮೂಲಿ ಟೈಮರ್ ಆದರೆ ಕರೆಂಟ್ ಹೋದಷ್ಟು ಹೊತ್ತು ಅದೂ ನಿಂತಿರುತ್ತೆ. ಬೇಸಿಗೆಯಲ್ಲಿ ಎರಡು ಸಲ ಪವರ್ ಕಟ್ ಆಯ್ತು ಅಂದ್ರೆ ಮೀನಿನ ಸಂಜೆ ಒಂಬತ್ತರ ಬದಲು ಹನ್ನೊಂದಕ್ಕೆ. ವಾರಕ್ಕೊಮ್ಮೆ ಸರಿಮಾಡಿ.

ಸಕ್ಕರ್ ಮೀನಿನದು ಉಲ್ಟಾ ಪಾಳಿ, ರಾತ್ರಿ ಓಡಾಡಿ ತಿನ್ನುವ ಜಾತಿ. ಬೆಳಕು ಆರದಿದ್ದರೆ ಅದು ಉಪವಾಸ. ಟವೆಲ್ ಹಾಕುವ ಮುಂಚೆ ಅದರ ಪಾಲಿನ ಬಿಲ್ಲೆ ಒಂದನ್ನು ತಳಕ್ಕೆ ಬಿಡಿ. ಇನ್ನು ಬೆಳಿಗ್ಗೆ ಟವೆಲ್ ತೆಗೆದ ತಕ್ಷಣ ಟ್ಯಾಂಕಿನ ಲೈಟ್ ಒತ್ತಬೇಡಿ. ಕತ್ತಲೆಯಿಂದ ಒಮ್ಮೆಲೇ ಬೆಳಕಾದರೆ ಜೀಬ್ರಾ ಮೀನು ಬೆಚ್ಚಿ ಹಾರುತ್ತೆ, ಮುಚ್ಚಳ ಸರಿ ಇಲ್ಲದಿದ್ದರೆ ಸೀದಾ ನೆಲಕ್ಕೆ. ರೂಮಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ಬಿಡಿ, ಅವು ಈಜಾಡೋಕೆ ಶುರು ಮಾಡಲಿ, ಆಮೇಲೆ ಕಾಳು ಹಾಕಿ.